ಹಿತ್ತಲಿನ ಕೆಂಡ: ಅಮೆರಿಕದ ಬೇಸಿಗೆ ಬಾರ್ಬೆಕ್ಯೂ ಬೆಳೆದುಬಂದ ಬಗೆ

ಬೇಸಿಗೆಯ ವಾರಾಂತ್ಯದ ಇಳಿಹೊತ್ತಿನಲ್ಲಿ ಮನೆಯ ಹಿತ್ತಲಲ್ಲಿ ಇದ್ದಿಲು ಹೊತ್ತಿಸಿ, ನೆರೆಹೊರೆಯವರನ್ನೂ ಬಂಧುಮಿತ್ರರನ್ನೂ ಕರೆದು, ಅವರ ಕಣ್ಣೆದುರಿಗೇ ಮಾಂಸವನ್ನೂ ಮೆಕ್ಕೆಜೋಳದ ತೆನೆಯನ್ನೂ ಕೆಂಡದ ಮೇಲೆ ಸುಟ್ಟು ಬಡಿಸುವ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಬಾರ್ಬೆಕ್ಯೂ’ ಎಂಬ ಹೆಸರಿನಿಂದ ರೂಢಿಯಲ್ಲಿದೆ. ಈ ಊಟಕ್ಕೆ ಪಂಕ್ತಿಯ ಕಟ್ಟಿಲ್ಲ. ಬಂದವರು ತಟ್ಟೆ ಹಿಡಿದು ನಿಂತೋ ಹುಲ್ಲುಹಾಸಿನ ಮೇಲೆ ಕುಳಿತೋ ಉಣ್ಣುತ್ತಾರೆ, ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ, ಬರುವಾಗ ತಮ್ಮ ಮನೆಯಿಂದಲೇ ಒಂದು ಪಾತ್ರೆ ತುಂಬ ಏನನ್ನಾದರೂ ಮಾಡಿ ತಂದರೆ ಕರೆದವರಿಗೆ ಅದರಿಂದ ಸಂತೋಷವೇ ಹೊರತು ಸಂಕೋಚವಿಲ್ಲ. ಅತಿಥಿಸತ್ಕಾರದ ವಿಧಿಗಳನ್ನು ಹೀಗೆ ಸಡಿಲಿಸಿಕೊಂಡಿರುವ ನಿರಾಳತೆಯೇ ಇದರ ಮುಖ್ಯ ಲಕ್ಷಣವೆಂದು ಅಲ್ಲಿನವರು ಭಾವಿಸುತ್ತಾರೆ. ಆದರೆ ಈ ಪದ್ಧತಿಯ ಚರಿತ್ರೆಯನ್ನು ಹಿಂದಕ್ಕೆ ಬಿಡಿಸುತ್ತ ಹೋದರೆ, ಬಾರ್ಬೆಕ್ಯೂ ಮನೆಯ ಹಿತ್ತಲಿಗೆ ವ್ಯಾಪಕವಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಎಂಬುದೂ, ಅದಕ್ಕೆ ಮುಂಚಿನ ಸುಮಾರು ಇನ್ನೂರು ವರ್ಷ ಅದು ಆ ದೇಶದ ಅತ್ಯಂತ ಶ್ರಮದ ಅಡುಗೆಗಳಲ್ಲಿ ಒಂದಾಗಿತ್ತೆಂಬುದೂ, ಆ ಶ್ರಮವನ್ನು ಹೊತ್ತವರಲ್ಲಿ ಬಹುಮಂದಿಗೆ ಅಲ್ಲಿಯೇ ಕುಳಿತು ಉಣ್ಣುವ ಹಕ್ಕಿರಲಿಲ್ಲವೆಂಬುದೂ ತಿಳಿದುಬರುತ್ತವೆ. ಯಾರ ಬೆವರಿನಿಂದ ಯಾರಿಗೆ ವಿಶ್ರಾಂತಿ ದೊರೆಯಿತು ಎಂಬುದನ್ನು ಬಿಟ್ಟು ಈ ಊಟದ ಇತಿಹಾಸವನ್ನು ಬರೆಯುವುದು ಸಾಧ್ಯವಿಲ್ಲ.

ಹೆಸರಿನ ಮೂಲ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರ ನುಡಿಯಲ್ಲಿದೆ. ಸ್ಪೇನಿನ ಚರಿತ್ರೆಕಾರ ಗೊಂಜಾಲೊ ಫರ್ನಾಂಡಿಸ್ ದೆ ಒವಿಯೇದೊ 1526ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಬಾರ್ಬಕೋವಾ’ ಎಂಬ ಪದ ಕಾಣಿಸಿಕೊಳ್ಳುತ್ತದೆ. ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ಕೋಲುಗಳನ್ನು ಅಡ್ಡಡ್ಡಲಾಗಿ ಹೆಣೆದು ಮಾಡಿದ ಚೌಕಟ್ಟು ಎಂಬುದೇ ಅದರ ಅರ್ಥ. ಅದರ ಮೇಲೆ ಧಾನ್ಯವನ್ನು ಇಡುತ್ತಿದ್ದರು, ಮಲಗುತ್ತಿದ್ದರು, ಕೆಳಗೆ ಸಣ್ಣ ಉರಿ ಹಾಕಿ ಮೀನು ಮಾಂಸಗಳನ್ನು ಹೊಗೆಯಲ್ಲಿ ಬೇಯಿಸುತ್ತಿದ್ದರು. ಕನ್ನಡದ ಅಟ್ಟಣಿಗೆ ಎಂಬ ಮಾತು ಇದಕ್ಕೆ ಬಹಳ ಸಮೀಪದ್ದು. ಚೌಕಟ್ಟಿನ ಹೆಸರು ಕ್ರಮೇಣ ಅದರ ಮೇಲೆ ಬೇಯಿಸುವ ವಿಧಾನಕ್ಕೆ, ಅಲ್ಲಿಂದ ಬೆಂದ ಮಾಂಸಕ್ಕೆ, ಕೊನೆಗೆ ಅದನ್ನು ಉಣ್ಣಲು ಜನ ನೆರೆಯುವ ಸಮಾರಂಭಕ್ಕೇ ಅಂಟಿಕೊಂಡಿತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದವನ್ನು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಸೇರಿಸಿಕೊಂಡು, ವೆಸ್ಟ್ ಇಂಡೀಸ್‌ನಲ್ಲಿ ಹಂದಿಯನ್ನು ಇಡಿಯಾಗಿ ಬೇಯಿಸುವುದಕ್ಕೆ ಬಳಸುವ ಮಾತೆಂದು ವಿವರಿಸಿದ್ದಾನೆ. ಗಡ್ಡದಿಂದ ಬಾಲದವರೆಗೆ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಇದು ಹುಟ್ಟಿತೆಂಬ ಕಥೆಯೊಂದು ಇಂದಿಗೂ ಚಾಲ್ತಿಯಲ್ಲಿದೆ. ಅದಕ್ಕೆ ಆಧಾರವಿಲ್ಲವೆಂದು ಭಾಷಾಶಾಸ್ತ್ರಜ್ಞರು ತಳ್ಳಿಹಾಕಿದ್ದಾರೆ.

ಯುರೋಪಿನವರು ಈ ಅಡುಗೆಯನ್ನು ಕಂಡದ್ದು ಹಸಿದ ಕಣ್ಣುಗಳಿಂದ. 1494ರಲ್ಲಿ ಕೊಲಂಬಸ್‌ನ ಎರಡನೆಯ ಯಾನದ ಹಡಗುಗಳು ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯನ್ನು ಹೊಕ್ಕಾಗ, ದಡದ ತೈನೋ ಜನರು ಹಬ್ಬದೂಟಕ್ಕೆಂದು ಬೆಂಕಿಯ ಮೇಲೆ ಇಟ್ಟಿದ್ದ ಮೀನುಗಳನ್ನು ನಾವಿಕರು ತಿಂದುಹಾಕಿ, ಪಕ್ಕದಲ್ಲಿದ್ದ ಇಗ್ವಾನಾ ಎಂಬ ದೊಡ್ಡ ಓತಿಗಳನ್ನು ಮಾತ್ರ ಅಸಹ್ಯದಿಂದ ಬಿಟ್ಟರೆಂದು ಅಂದಿನ ಬರಹಗಳು ಹೇಳುತ್ತವೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ವೈಟ್ 1585ರಲ್ಲಿ ಇಂದಿನ ಉತ್ತರ ಕೆರೊಲೈನಾದ ಕರಾವಳಿಯಲ್ಲಿ ಬಿಡಿಸಿದ ಜಲವರ್ಣ ಚಿತ್ರವೊಂದರಲ್ಲಿ, ನಾಲ್ಕು ಕವೆಗೋಲುಗಳ ಮೇಲಿನ ಜಾಲರಿಯಲ್ಲಿ ಮೀನುಗಳು ಬೇಯುತ್ತಿರುವುದನ್ನು ಕಾಣಬಹುದು. ಥಿಯೊಡೋರ್ ದೆ ಬ್ರೈ ಎಂಬ ಮುದ್ರಕ 1590ರಲ್ಲಿ ಇಂಥ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಮೇಲೆ ಯುರೋಪಿನ ಓದುಗರ ಮನಸ್ಸಿನಲ್ಲಿ ಬಾರ್ಬೆಕ್ಯೂ ಎಂದರೆ ಹೊಸ ಜಗತ್ತಿನ ಅಡುಗೆ ಎಂಬ ಚಿತ್ರ ನೆಲೆನಿಂತಿತು. ಪದವನ್ನೂ ವಿಧಾನವನ್ನೂ ಕೊಟ್ಟ ತೈನೋ ಜನರು ಅಷ್ಟರಲ್ಲಿ ರೋಗ, ಯುದ್ಧ ಮತ್ತು ಜೀತದಿಂದ ಬಹುಮಟ್ಟಿಗೆ ನಾಶವಾಗಿದ್ದರು.

ಈ ಅಡುಗೆಗೆ ಹಂದಿ ಸೇರಿದ್ದು ಯುರೋಪಿನಿಂದ. ಅಮೆರಿಕ ಖಂಡಗಳಲ್ಲಿ ಸಾಕುಹಂದಿ ಇರಲೇ ಇಲ್ಲ. 1493ರಲ್ಲಿ ಕೊಲಂಬಸ್ ಅದನ್ನು ಕೆರಿಬಿಯನ್ ದ್ವೀಪಗಳಿಗೆ ತಂದನು, 1539ರಲ್ಲಿ ಹರ್ನಾಂಡೊ ದೆ ಸೊಟೊ ಫ್ಲಾರಿಡಾದ ನೆಲಕ್ಕೆ ಇಳಿಸಿದನು. ಮೇವು ಹಾಕದೆ ಕಾಡಿಗೆ ಬಿಟ್ಟರೂ ಓಕ್ ಮರದ ಕಾಯಿ ತಿಂದು ಕೊಬ್ಬುವ ಈ ಪ್ರಾಣಿ ವರ್ಜೀನಿಯಾ ಮತ್ತು ಕೆರೊಲೈನಾ ಪ್ರಾಂತಗಳ ಹೊಗೆಸೊಪ್ಪಿನ ತೋಟದೊಡೆಯರಿಗೆ ಬಹಳ ಅನುಕೂಲವಾಗಿ ಬಂತು, ಮತ್ತು ಹದಿನೆಂಟನೆಯ ಶತಮಾನದ ಹೊತ್ತಿಗೆ ಅಲ್ಲಿ ಇಡಿಯ ಹಂದಿ, ಕುರಿ, ಎತ್ತುಗಳನ್ನು ಬೇಯಿಸಿ ನೂರಾರು ಮಂದಿಗೆ ಬಡಿಸುವ ಬಾರ್ಬೆಕ್ಯೂ ಬೇಸಿಗೆಯ ಮುಖ್ಯ ಸಾಮಾಜಿಕ ಕೂಟವಾಗಿತ್ತು. ಜಾರ್ಜ್ ವಾಷಿಂಗ್ಟನ್ 1769ರ ಮೇ ತಿಂಗಳಲ್ಲಿ ಅಲೆಕ್ಸಾಂಡ್ರಿಯಾ ಪಟ್ಟಣದ ಬಾರ್ಬೆಕ್ಯೂಗೆ ಹೋಗಿ ರಾತ್ರಿ ಅಲ್ಲಿಯೇ ಉಳಿದುದನ್ನು ತನ್ನ ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ; 1793ರ ಸೆಪ್ಟೆಂಬರ್ 18ರಂದು ಆತನೇ ಸಂಸತ್ ಭವನದ ಅಡಿಗಲ್ಲನ್ನು ಇಟ್ಟಾಗ ನೆರೆದವರಿಗಾಗಿ 500 ಪೌಂಡ್, ಅಂದರೆ ಸುಮಾರು 227 ಕಿಲೋ ತೂಕದ ಎತ್ತನ್ನು ಬಾರ್ಬೆಕ್ಯೂ ಮಾಡಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಚುನಾವಣೆಯ ಉಮೇದುವಾರರು ಮತದಾರರನ್ನು ಒಲಿಸಿಕೊಳ್ಳಲು ಇದೇ ಊಟವನ್ನು ಬಳಸಿದರು. ಆ ಪರಂಪರೆ ಎಷ್ಟು ಗಟ್ಟಿಯಾಗಿತ್ತೆಂದರೆ 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಪಶ್ಚಿಮ ಜರ್ಮನಿಯ ಚಾನ್ಸೆಲರ್ ಲುಡ್‌ವಿಗ್ ಎರ್ಹಾರ್ಡ್ ಅವರಿಗೆ ಟೆಕ್ಸಸ್‌ನಲ್ಲಿ ನೀಡಿದ ರಾಜಮರ್ಯಾದೆಯ ಔತಣವೂ ಬಾರ್ಬೆಕ್ಯೂವೇ ಆಗಿತ್ತು.

ಆ ಕಾಲದ ಅಡುಗೆಯ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ, ಏಕೆಂದರೆ ಇಂದಿನ ಹಿತ್ತಲ ಬಾರ್ಬೆಕ್ಯೂಗೂ ಅದಕ್ಕೂ ಹೆಸರೊಂದೇ ಸಮಾನ ಎಂದರೂ ತಪ್ಪಾಗದು. ಹಿಂದಿನ ದಿನವೇ ನೆಲದಲ್ಲಿ ಉದ್ದನೆಯ ಕಂದಕ ತೋಡುತ್ತಿದ್ದರು. ಪಕ್ಕದಲ್ಲಿ ಹಿಕರಿ, ಓಕ್ ಮುಂತಾದ ಗಟ್ಟಿ ಮರಗಳನ್ನು ಉರಿಸಿ, ಜ್ವಾಲೆ ಅಡಗಿ ಕೆಂಡವಾದ ಮೇಲೆ ಸಲಿಕೆಯಿಂದ ಎತ್ತಿ ಕಂದಕದೊಳಗೆ ತೆಳ್ಳಗೆ ಹರಡುತ್ತಿದ್ದರು. ಕಂದಕದ ಮೇಲೆ ಅಡ್ಡಲಾಗಿ ಹಸಿಮರದ ಕೋಲುಗಳನ್ನು ಜೋಡಿಸಿ, ಅವುಗಳ ಮೇಲೆ ಸೀಳಿ ಬಿಡಿಸಿದ ಇಡಿಯ ಪ್ರಾಣಿಯನ್ನು ಮಲಗಿಸಿ, ರಾತ್ರಿಯಿಡೀ ನಿದ್ದೆಗೆಟ್ಟು ಕೆಂಡ ತುಂಬುತ್ತ, ಮಾಂಸವನ್ನು ಮಗುಚುತ್ತ, ವಿನಿಗರ್, ಉಪ್ಪು, ಒಣಮೆಣಸಿನಕಾಯಿ, ಬೆಣ್ಣೆಗಳನ್ನು ಕೂಡಿಸಿದ ದ್ರವವನ್ನು ಕೋಲಿಗೆ ಕಟ್ಟಿದ ಬಟ್ಟೆಯಿಂದ ಮತ್ತೆ ಮತ್ತೆ ಸವರುತ್ತಿದ್ದರು. ಕಾವು ಹೆಚ್ಚಾದರೆ ಹೊರಮೈ ಸೀದು ಒಳಗೆ ಹಸಿಯುಳಿಯುತ್ತದೆ. ಕಡಿಮೆಯಾದರೆ ಮಾಂಸ ಕೆಡುತ್ತದೆ. ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ಮಂದ ಕಾವಿನಲ್ಲಿ ಗಂಟೆಗಟ್ಟಲೆ ಇದ್ದು ಕರಗಿ ಲೋಳೆಯಾದಾಗ ಮಾತ್ರ ಗಡಸು ಮಾಂಸ ಬೆರಳಿಗೆ ಬಿಡಿಬಿಡಿಯಾಗಿ ಬರುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಈ ಹದವನ್ನು ಅಂಗೈಯನ್ನು ಕೆಂಡದ ಮೇಲೆ ಹಿಡಿದೇ ಅರಿಯಬೇಕಾಗಿತ್ತು, ಮತ್ತು ಆ ಅರಿವು ಪುಸ್ತಕಗಳಲ್ಲಿರಲಿಲ್ಲ.

ಅದು ಇದ್ದದ್ದು ಗುಲಾಮಗಿರಿಗೆ ಸಿಕ್ಕಿದ್ದ ಆಫ್ರಿಕನ್ ಮೂಲದ ಅಡುಗೆಯವರ ಕೈಯಲ್ಲಿ. ಕಂದಕ ತೋಡಿದವರು, ಮರ ಕಡಿದವರು, ರಾತ್ರಿಯೆಲ್ಲ ಹೊಗೆ ಕುಡಿದವರು ಅವರು. ಮರುದಿನ ಮರದ ನೆರಳಿನ ಮೇಜುಗಳ ಮುಂದೆ ಕುಳಿತು ಅದನ್ನು ಹೊಗಳಿ ತಿಂದವರು ಒಡೆಯರು. ಅಮೆರಿಕದ ದಕ್ಷಿಣ ಸೀಮೆಯ ಬಾರ್ಬೆಕ್ಯೂ ಎಂಬ ಕಲೆ ರೂಪುಗೊಂಡದ್ದೇ ಮೂಲನಿವಾಸಿಗಳ ಜಾಲರಿ, ಯುರೋಪಿನ ಹಂದಿ, ಆಫ್ರಿಕದಿಂದ ಬಂದವರ ಕೈಚಳಕ ಇವು ಮೂರೂ ಒಂದೇ ಕುಳಿಯ ಮುಂದೆ ಕೂಡಿದಾಗ. 1930ರ ದಶಕದಲ್ಲಿ, ಹಿಂದೆ ಗುಲಾಮರಾಗಿದ್ದ ಮುದುಕರ ನೆನಪುಗಳನ್ನು ಸರ್ಕಾರದ ಯೋಜನೆಯೊಂದರ ಲೇಖಕರು ಬರೆದುಕೊಂಡಾಗ, ಬಾರ್ಬೆಕ್ಯೂ ಕುಳಿಯ ಪಕ್ಕದ ರಾತ್ರಿಗಳೂ ಸವರುವ ದ್ರವಕ್ಕೆ ಹಾಕುತ್ತಿದ್ದ ಪದಾರ್ಥಗಳ ಪಟ್ಟಿಯೂ ಆ ನೆನಪುಗಳಲ್ಲಿ ಸ್ಪಷ್ಟವಾಗಿ ಉಳಿದುಕೊಂಡಿದ್ದವು.

ಅದೇ ಕೆಂಡ ಅವರ ನಡುವಿನ ಗುಟ್ಟಿನ ಮಾತುಗಳಿಗೂ ಸಾಕ್ಷಿಯಾಯಿತು. ಒಡೆಯರ ಕಣ್ಣು ತಪ್ಪಿಸಿ ಹತ್ತು ಜನ ಒಂದೆಡೆ ಸೇರಲು ಊಟದ ನೆಪಕ್ಕಿಂತ ಒಳ್ಳೆಯ ಮರೆ ಇರಲಿಲ್ಲ. 1800ರಲ್ಲಿ ರಿಚ್ಮಂಡ್ ಸುತ್ತ ಗೇಬ್ರಿಯಲ್ ಎಂಬ ಕಮ್ಮಾರ ಕಟ್ಟಿದ ದಂಗೆಯ ಸಂಚು ಇಂಥ ಬಾರ್ಬೆಕ್ಯೂ ಕೂಟಗಳಲ್ಲಿ ಹರಡಿತ್ತು. 1831ರ ಆಗಸ್ಟ್ 21ರಂದು ವರ್ಜೀನಿಯಾದ ಸೌತ್‌ಹ್ಯಾಂಪ್ಟನ್ ಪ್ರಾಂತದ ಕಾಡಿನಲ್ಲಿ, ಗುಲಾಮನಾಗಿದ್ದ ನ್ಯಾಟ್ ಟರ್ನರ್‌ನ ಸಂಗಡಿಗರು ಹಂದಿಯೊಂದನ್ನು ಬೇಯಿಸಿಕೊಂಡು ಕೊನೆಯ ಬಾರಿ ಸಮಾಲೋಚಿಸಿದರು, ಮತ್ತು ಆ ರಾತ್ರಿಯೇ ಅಮೆರಿಕದ ಗುಲಾಮಗಿರಿಯ ಇತಿಹಾಸದ ಅತ್ಯಂತ ಪ್ರಸಿದ್ಧ ಬಂಡಾಯ ಆರಂಭವಾಯಿತು. ಅದನ್ನು ಅಡಗಿಸಿದ ನಂತರ ಕಪ್ಪು ಜನರು ಗುಂಪುಗೂಡುವುದನ್ನು ತಡೆಯುವ ಕಾನೂನುಗಳು ಇನ್ನಷ್ಟು ಬಿಗಿಯಾದವು.

1865ರ ಜೂನ್ 19ರಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯ ಘೋಷಣೆಯನ್ನು ಓದಿ ಹೇಳಿದ ದಿನ ‘ಜೂನ್‌ಟೀಂತ್’ ಎಂಬ ಹಬ್ಬವಾಯಿತು. 2021ರಿಂದ ಅದು ರಾಷ್ಟ್ರೀಯ ರಜೆಯ ದಿನ. ಆ ಹಬ್ಬದ ನಡುವೆ ಮೊದಲಿನಿಂದಲೂ ಬಾರ್ಬೆಕ್ಯೂ ಇದೆ. ಆದರೆ ಬಿಡುಗಡೆ ಪಡೆದವರಿಗೆ ಕೆಂಡ ಹಾಕಲು ನೆಲ ಬೇಕಲ್ಲ? ಊರಿನ ಉದ್ಯಾನಗಳೊಳಗೆ ಅವರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಹೂಸ್ಟನ್ ನಗರದ ಕಪ್ಪು ಸಮುದಾಯದವರು 1872ರಲ್ಲಿ ತಮ್ಮತಮ್ಮಲ್ಲೇ ಹಣ ಕೂಡಿಸಿ ಹತ್ತು ಎಕರೆ ಜಮೀನನ್ನು ಕೊಂಡು ಅದಕ್ಕೆ ಬಿಡುಗಡೆಯ ಉದ್ಯಾನವೆಂದು ಹೆಸರಿಟ್ಟರು. ಬಾರ್ಬೆಕ್ಯೂವಿನ ಚರಿತ್ರೆಯಲ್ಲಿ ಈ ಹತ್ತು ಎಕರೆಯ ಖರೀದಿಗೆ ಯಾವ ಒಲೆಯ ಆವಿಷ್ಕಾರಕ್ಕಿಂತಲೂ ಕಡಿಮೆಯಿಲ್ಲದ ಸ್ಥಾನ ಸಲ್ಲಬೇಕು. ಹಲವರು ಇದೇ ವಿದ್ಯೆಯನ್ನು ಜೀವನೋಪಾಯವಾಗಿಯೂ ಮಾಡಿಕೊಂಡರು. ಟೆನೆಸ್ಸಿಯಿಂದ ಬಂದ ಹೆನ್ರಿ ಪೆರಿ 1908ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಬೆಂದ ಮಾಂಸವನ್ನು ಕಾಗದದಲ್ಲಿ ಸುತ್ತಿ ಮಾರತೊಡಗಿದ. ಆ ನಗರದ ಇಂದಿನ ಬಾರ್ಬೆಕ್ಯೂ ಪ್ರಸಿದ್ಧಿಯ ಬೇರು ಆತನ ಅಂಗಡಿಯಲ್ಲಿದೆ.

ಇಷ್ಟರವರೆಗಿನ ಕಥೆಯಲ್ಲಿ ಹಿತ್ತಲು ಎಲ್ಲಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹಿತ್ತಲು ಕನ್ನಡ ನಾಡಿನ ಹಳೆಯ ಮನೆಗಳ ಹಿತ್ತಲಿನಂತೆಯೇ ಮನೆಯ ಕೆಲಸದ ಜಾಗವಾಗಿತ್ತು: ಅಲ್ಲಿ ಕಕ್ಕಸು, ಸೌದೆಯ ರಾಶಿ, ಕೋಳಿಗೂಡು, ಬಟ್ಟೆ ಒಗೆಯುವ ಕಲ್ಲು, ಬೂದಿಯ ಗುಂಡಿ ಇರುತ್ತಿದ್ದವು, ಬಂದವರನ್ನು ಮನೆಯ ಮುಂದಿನ ಜಗಲಿಯಲ್ಲಿ ಕೂರಿಸುತ್ತಿದ್ದರು, ಹಿತ್ತಲಿಗೆ ಕರೆದೊಯ್ಯುತ್ತಿರಲಿಲ್ಲ. ಒಳಚರಂಡಿ, ನಲ್ಲಿ, ಅನಿಲದ ಒಲೆ, ತಂಗಳುಪೆಟ್ಟಿಗೆ ಇವು ಒಂದೊಂದಾಗಿ ಬಂದು ಹಿತ್ತಲಿನ ಕೆಲಸಗಳನ್ನು ಮನೆಯೊಳಕ್ಕೆ ಎಳೆದುಕೊಂಡಾಗ ಆ ಜಾಗ ಬರಿದಾಯಿತು. ಇತ್ತ ಕಾರುಗಳ ಸದ್ದು ಮತ್ತು ಹೊಗೆ ಬೀದಿ ತುಂಬಿದಾಗ ಮುಂದಿನ ಜಗಲಿ ಕುಳಿತು ಹರಟುವುದಕ್ಕೆ ತಕ್ಕದ್ದಾಗಿ ಉಳಿಯಲಿಲ್ಲ. ಮನೆಯ ಸಾಮಾಜಿಕ ಮುಖ ಹೀಗೆ ಬೀದಿಯಿಂದ ಹಿಂದಕ್ಕೆ ತಿರುಗಿತು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಮಾದರಿಯೂ ಸಿದ್ಧವಿತ್ತು. ಸ್ಪೇನ್ ಮತ್ತು ಮೆಕ್ಸಿಕೋ ಮನೆಗಳ ‘ಪಾಟಿಯೊ’, ಅಂದರೆ ಆಕಾಶಕ್ಕೆ ತೆರೆದ ಅಂಗಳ, ಅಲ್ಲಿನ ವಾಸ್ತುಶಿಲ್ಪಿಗಳ ಕೈಯಲ್ಲಿ ಹೊಸ ರೂಪ ಪಡೆದು ಮನೆಯ ಹಿಂದಿನ ಕಲ್ಲುಹಾಸಾಯಿತು. ‘ಸನ್‌ಸೆಟ್’ ಪತ್ರಿಕೆ 1938ರಲ್ಲಿ ತಂದ ಬಾರ್ಬೆಕ್ಯೂ ಪುಸ್ತಕದಲ್ಲಿ ಹಿತ್ತಲಲ್ಲಿ ಇಟ್ಟಿಗೆಯ ಒಲೆ ಕಟ್ಟುವ ನಕ್ಷೆಗಳಿದ್ದವು. 1941ರಲ್ಲಿ ಜೇಮ್ಸ್ ಬಿಯರ್ಡ್ ಬಯಲಡುಗೆಯ ಬಗ್ಗೆಯೇ ಒಂದು ಪುಸ್ತಕ ಬರೆದನು.

ಒಲೆಗೆ ಬೇಕಾದ ಇಂಧನ ಬಂದದ್ದು ಕಾರಿನ ಕಾರ್ಖಾನೆಯಿಂದ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರಿನ ಚಕ್ರದ ಅರಗಳಿಗೂ ಮೈಯ ಚೌಕಟ್ಟಿಗೂ ಅಪಾರ ಮರ ಬೇಕಾಗುತ್ತಿತ್ತು. ಇದಕ್ಕಾಗಿ ಫೋರ್ಡ್, ತನ್ನ ಸೋದರ ಸಂಬಂಧಿಯ ಗಂಡನೂ ಮಿಶಿಗನ್‌ನ ಐರನ್ ಮೌಂಟನ್ ಊರಿನ ಕಾರು ವ್ಯಾಪಾರಿಯೂ ಆಗಿದ್ದ ಎಡ್ವರ್ಡ್ ಕಿಂಗ್ಸ್‌ಫರ್ಡ್‌ನ ನೆರವಿನಿಂದ ಅಲ್ಲಿನ ಕಾಡುಗಳನ್ನು ಕೊಂಡು 1920ರ ದಶಕದ ಆರಂಭದಲ್ಲಿ ಮರದ ಕಾರ್ಖಾನೆಯನ್ನು ಕಟ್ಟಿಸಿದನು. ಗರಗಸದ ಹುಡಿ, ಚಕ್ಕೆ, ತುಂಡುಗಳು ಬೆಟ್ಟದಂತೆ ಬೀಳತೊಡಗಿದವು. ಏನನ್ನೂ ವ್ಯರ್ಥವಾಗಲು ಬಿಡದ ಫೋರ್ಡ್ ಅವುಗಳನ್ನು ಗಾಳಿಯಾಡದ ಕಾವಿನಲ್ಲಿ ಸುಟ್ಟು ರಾಸಾಯನಿಕಗಳನ್ನು ತೆಗೆಸಿ, ಉಳಿದ ಇದ್ದಿಲನ್ನು ಪುಡಿಮಾಡಿಸಿ, ಗಂಜಿಪಿಷ್ಟದ ಅಂಟಿನೊಂದಿಗೆ ಕಲಸಿ, ಅಚ್ಚಿನಲ್ಲಿ ಒತ್ತಿಸಿ ದಿಂಬಿನಾಕಾರದ ಸಣ್ಣ ಬಿಲ್ಲೆಗಳನ್ನಾಗಿ ಮಾಡಿಸಿದನು. ಇದ್ದಿಲಿನ ಪುಡಿಯನ್ನು ಹೀಗೆ ಬಿಲ್ಲೆ ಕಟ್ಟುವ ಉಪಾಯಕ್ಕೆ ಪೆನ್ಸಿಲ್ವೇನಿಯಾದ ಎಲ್ಸ್‌ವರ್ತ್ ಜ್ವೋಯರ್ 1897ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಅದನ್ನು ದೇಶದ ಉದ್ದಗಲಕ್ಕೆ ತಲುಪಿಸಿದ್ದು ಫೋರ್ಡ್‌ನ ಮಾರಾಟ ಜಾಲ. ಕಾರು ಮಾರುವ ಅಂಗಡಿಗಳಲ್ಲೇ ಇದ್ದಿಲಿನ ಚೀಲಗಳನ್ನು ಇಟ್ಟು, ಕಾರಿನಲ್ಲಿ ಊರಾಚೆ ಹೋಗಿ ಅಡುಗೆ ಮಾಡಿಕೊಂಡು ಬನ್ನಿರೆಂದು ಗಿರಾಕಿಗಳನ್ನು ಪ್ರೇರೇಪಿಸಿದರು. 1951ರಲ್ಲಿ ಕಾರ್ಖಾನೆ ಕೈಬದಲಾದ ಮೇಲೆ ಆ ಇದ್ದಿಲಿಗೆ ಕಿಂಗ್ಸ್‌ಫರ್ಡ್‌ನ ಹೆಸರು ಬಂತು. ಮರ ಕಡಿದು, ಉರಿಸಿ, ಕೆಂಡಕ್ಕಾಗಿ ಗಂಟೆಗಟ್ಟಲೆ ಕಾಯುವ ಕೆಲಸ ಇದರಿಂದ ತಪ್ಪಿತು; ಒಂದೇ ಗಾತ್ರದ ಬಿಲ್ಲೆಗಳು ಒಂದೇ ಸಮನೆ ಉರಿದು, ಏನೂ ಅರಿಯದವನಿಗೂ ಅರ್ಧ ಗಂಟೆಯಲ್ಲಿ ಅಡುಗೆಗೆ ತಕ್ಕ ಕೆಂಡ ಒದಗಿಸಿದವು.

ಎರಡನೆಯ ಮಹಾಯುದ್ಧ ಮುಗಿದು 1945ರ ನವೆಂಬರಿನಲ್ಲಿ ಮಾಂಸದ ಪಡಿತರ ನಿಂತಾಗ, ಜನರ ಕೈಯಲ್ಲಿ ಹಣವೂ ವಾರಕ್ಕೆ ಎರಡು ದಿನದ ಬಿಡುವೂ ಇದ್ದವು. 1938ರ ಕಾರ್ಮಿಕ ಕಾನೂನು ವಾರಕ್ಕೆ 40 ಗಂಟೆಗಳ ದುಡಿಮೆಯನ್ನು 1940ರ ಹೊತ್ತಿಗೆ ಸಾಮಾನ್ಯ ಮಿತಿಯಾಗಿ ನೆಲೆಗೊಳಿಸಿತ್ತು. ಶನಿವಾರದ ನಿರಾಳ ಮಧ್ಯಾಹ್ನವೆಂಬುದು ಹೀಗೆ ಕಾರ್ಮಿಕ ಚಳವಳಿ ಗಳಿಸಿಕೊಟ್ಟ ಆಸ್ತಿ. ಯುದ್ಧದಿಂದ ಮರಳಿದವರಿಗೆ ಸರ್ಕಾರದ ಖಾತರಿಯ ಗೃಹಸಾಲ ದೊರೆತು, ಸ್ವಂತ ಮನೆಯುಳ್ಳ ಕುಟುಂಬಗಳ ಪ್ರಮಾಣ 1940ರಲ್ಲಿ ಶೇಕಡ 44ರಷ್ಟು ಇದ್ದುದು 1960ರ ಹೊತ್ತಿಗೆ ಶೇಕಡ 62ಕ್ಕೆ ಏರಿತು. ನ್ಯೂಯಾರ್ಕಿನ ಹೊರವಲಯದ ಆಲೂಗಡ್ಡೆಯ ಹೊಲಗಳಲ್ಲಿ ಲೆವಿಟ್ ಕುಟುಂಬದ ಕಂಪನಿ 1947ರಿಂದ 1951ರವರೆಗೆ ಕಟ್ಟಿದ ಲೆವಿಟ್‌ಟೌನ್‌ನಲ್ಲಿ 17,000ಕ್ಕೂ ಹೆಚ್ಚು ಮನೆಗಳೆದ್ದವು. ಪ್ರತಿ ಮನೆಗೂ 60 ಅಡಿ ಅಗಲ 100 ಅಡಿ ಉದ್ದದ ನಿವೇಶನ. 1949ರ ಮಾದರಿಯಲ್ಲಿ ಅಡುಗೆಮನೆಯನ್ನು ಬೀದಿಯ ಕಡೆಗೂ ಪಡಸಾಲೆಯನ್ನು ಹಿಂದಕ್ಕೂ ತಿರುಗಿಸಿ, ಹಿತ್ತಲಿನತ್ತ ದೊಡ್ಡ ಗಾಜಿನ ಕಿಟಕಿಯನ್ನು ಇಟ್ಟರು. ಬೇಲಿ ಹಾಕಬಾರದೆಂಬ ನಿಯಮವಿದ್ದುದರಿಂದ ಒಂದು ಹಿತ್ತಲಿನ ಹುಲ್ಲು ಇನ್ನೊಂದರ ಹುಲ್ಲಿನೊಂದಿಗೆ ಕೂಡಿಕೊಂಡಿತ್ತು. ಒಬ್ಬನ ಒಲೆಯ ಹೊಗೆ ಹತ್ತು ಮನೆಗಳಿಗೆ ಕರೆಯೋಲೆಯಾಗುತ್ತಿದ್ದ ಜಾಗ ಅದು, ಮತ್ತು ಊರು ಕೇರಿಗಳನ್ನು ಬಿಟ್ಟು ಹೊಸದಾಗಿ ಬಂದು ನೆಲೆಸಿದ, ಒಬ್ಬರಿಗೊಬ್ಬರು ಅಪರಿಚಿತರಾದ ಕುಟುಂಬಗಳನ್ನು ನೆರೆಹೊರೆಯಾಗಿ ಹೆಣೆದುದರಲ್ಲಿ ಆ ಹೊಗೆಯ ಪಾಲು ದೊಡ್ಡದು.

ಆದರೆ ಲೆವಿಟ್‌ಟೌನ್‌ನ ಮೊದಲ ಕರಾರುಪತ್ರಗಳಲ್ಲಿ, ಮನೆಗೆಲಸದವರ ಹೊರತು ಬಿಳಿಯರಲ್ಲದವರು ಈ ಮನೆಗಳಲ್ಲಿ ವಾಸಿಸಕೂಡದೆಂಬ ಷರತ್ತಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ತೀರ್ಪಿತ್ತ ಮೇಲೂ ಆಚರಣೆ ಬದಲಾಗಲಿಲ್ಲ, ಸರ್ಕಾರದ ಗೃಹಸಾಲದ ನಿಯಮಗಳೂ ಅದಕ್ಕೆ ಒತ್ತಾಸೆಯಾಗಿದ್ದವು. 1957ರಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಲೆವಿಟ್‌ಟೌನ್‌ಗೆ ಮೊದಲ ಕಪ್ಪು ಕುಟುಂಬ ಬಂದಾಗ ಗುಂಪುಗಳು ಮನೆಯನ್ನು ಸುತ್ತುವರಿದು ಕಲ್ಲೆಸೆದವು. ವಸತಿಯಲ್ಲಿ ಭೇದವೆಣಿಸುವುದನ್ನು ನಿಷೇಧಿಸಿದ ಕಾನೂನು ಬಂದದ್ದು 1968ರಲ್ಲಿ. ಕಂದಕದ ಪಕ್ಕದಲ್ಲಿ ನಿಂತು ಈ ಅಡುಗೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರ ಮೊಮ್ಮಕ್ಕಳಿಗೆ, ಅದು ಮನೆಮನೆಯ ಸುಖವಾಗಿ ಹರಡಿದ ಹೊತ್ತಿನಲ್ಲಿ, ಆ ಹಿತ್ತಲುಗಳ ಬಾಗಿಲು ಮುಚ್ಚಿತ್ತು. ಹೋಟೆಲುಗಳ ಸ್ಥಿತಿಯೂ ಬೇರೆಯಾಗಿರಲಿಲ್ಲ. ಅಲಬಾಮದ ಬರ್ಮಿಂಗ್‌ಹ್ಯಾಮ್‌ನ ಬಾರ್ಬೆಕ್ಯೂ ಹೋಟೆಲೊಂದರಲ್ಲಿ ಕೆಲಸಗಾರರಲ್ಲಿ ಹೆಚ್ಚಿನವರು ಕಪ್ಪು ಜನರಾಗಿದ್ದರೂ ಕಪ್ಪು ಗಿರಾಕಿಗಳು ಕಟ್ಟಿಸಿಕೊಂಡು ಹೋಗಬಹುದಿತ್ತೇ ಹೊರತು ಕುಳಿತು ತಿನ್ನುವಂತಿರಲಿಲ್ಲ. ಕ್ಯಾಟ್ಜೆನ್‌ಬಾಕ್ ವಿರುದ್ಧ ಮೆಕ್ಲಂಗ್ ಎಂದು ಪ್ರಸಿದ್ಧವಾದ ಆ ಹೋಟೆಲಿನ ಮೊಕದ್ದಮೆಯಲ್ಲಿ 1964ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಭೇದವನ್ನು ನಿಷೇಧಿಸುವ ಕಾನೂನನ್ನು ಎತ್ತಿಹಿಡಿಯಿತು.

ಹೊಸ ಹಿತ್ತಲುಗಳಲ್ಲಿ ಮೊದಲು ಇದ್ದವು ಮೂರು ಕಾಲಿನ ಮೇಲೆ ನಿಂತ ತೆರೆದ ತಟ್ಟೆಯಂಥ ಅಗ್ಗಿಷ್ಟಿಕೆಗಳು. ಗಾಳಿ ಬೀಸಿದರೆ ಬೂದಿ ಮಾಂಸದ ಮೇಲೆ ಹಾರುತ್ತಿತ್ತು, ತೊಟ್ಟಿಕ್ಕಿದ ಕೊಬ್ಬಿಗೆ ಬೆಂಕಿ ಹತ್ತಿ ಎಲ್ಲವೂ ಸೀಯುತ್ತಿತ್ತು. ಶಿಕಾಗೋದ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ, ಹಡಗುಗಳಿಗೆ ದಾರಿ ತೋರಲು ನೀರಿನ ಮೇಲೆ ತೇಲಿಬಿಡುವ ಲೋಹದ ಗೋಳಗಳ ಎರಡು ಅರ್ಧಗಳನ್ನು ತೆಗೆದುಕೊಂಡು, ಕೆಳಗಿನದಕ್ಕೆ ಕಾಲು ಜೋಡಿಸಿ, ಮೇಲಿನದನ್ನು ಹಿಡಿಯುಳ್ಳ ಮುಚ್ಚಳವನ್ನಾಗಿ ಮಾಡಿದನು. ಮುಚ್ಚಳದಲ್ಲೂ ತಳದಲ್ಲೂ ತೆರೆದು ಮುಚ್ಚಬಹುದಾದ ಗಾಳಿಕಂಡಿಗಳಿದ್ದವು. ಅವನ್ನು ಕಿರಿದು ಮಾಡಿದರೆ ಕೆಂಡಕ್ಕೆ ಆಮ್ಲಜನಕ ಕಡಿಮೆಯಾಗಿ ಕಾವು ಇಳಿಯುತ್ತಿತ್ತು, ಕೊಬ್ಬಿಗೆ ಬೆಂಕಿ ಹತ್ತುವುದು ನಿಲ್ಲುತ್ತಿತ್ತು, ಬಿಸಿಗಾಳಿ ಗುಮ್ಮಟದೊಳಗೆ ಸುತ್ತಿ ಮಾಂಸವನ್ನು ಎಲ್ಲ ಕಡೆಯಿಂದ ಬೇಯಿಸುತ್ತಿತ್ತು. ಕಂದಕದ ಮೇಲೆ ಹಿಡಿದ ಅಂಗೈ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈ ಕಂಡಿಗಳು ವಹಿಸಿಕೊಂಡವೆನ್ನಬಹುದು. ಆದರೂ ಬಹುತೇಕ ಹಿತ್ತಲುಗಳಲ್ಲಿ ನಡೆದದ್ದು ಮಂದ ಕಾವಿನ ಹಳೆಯ ಬಾರ್ಬೆಕ್ಯೂ ಅಲ್ಲ. ಕೊಚ್ಚಿದ ದನದ ಮಾಂಸದ ಹ್ಯಾಂಬರ್ಗರ್, ಹಾಟ್ ಡಾಗ್, ಸ್ಟೇಕ್ ಎಂಬ ದಪ್ಪ ತುಂಡು ಇವನ್ನು ಜೋರು ಕಾವಿನ ಮೇಲೆ ಕೆಲವೇ ನಿಮಿಷ ಸುಡುವ ವಿಧಾನ. ದಕ್ಷಿಣ ಸೀಮೆಯವರು ಇದನ್ನು ಗ್ರಿಲ್ ಮಾಡುವುದೆಂದು ಕರೆಯುತ್ತಾರೆ, ಬಾರ್ಬೆಕ್ಯೂ ಎಂಬ ಹೆಸರನ್ನು ಇದಕ್ಕೆ ಕೊಡಲು ಇಂದಿಗೂ ಒಪ್ಪುವುದಿಲ್ಲ. ಅವರ ಆಕ್ಷೇಪದಲ್ಲಿ ನ್ಯಾಯವಿದೆ.

ಅತಿಥಿಗಳನ್ನು ಕರೆಯುವ ರೀತಿನೀತಿಗಳು 1950ರ ದಶಕದಲ್ಲಿ ಒಂದು ಅಚ್ಚಿಗೆ ಬಂದವು. ವಾರದ ದಿನಗಳಲ್ಲಿ ಅಡುಗೆಮನೆಯ ಹೊಸ್ತಿಲು ದಾಟದ ಗಂಡಸು ಆ ಒಂದು ದಿನ ಏಪ್ರನ್ ಕಟ್ಟಿ ಇಕ್ಕಳ ಹಿಡಿದು ಕೆಂಡದ ಮುಂದೆ ನಿಲ್ಲುವುದು ರೂಢಿಯಾಯಿತು. ಅಧ್ಯಕ್ಷ ಐಸೆನ್‌ಹೋವರ್ ಕೂಡ ಸ್ಟೇಕನ್ನು ನೇರವಾಗಿ ಕೆಂಡದ ಮೇಲೆಯೇ ಹಾಕಿ ಸುಡುವುದರಲ್ಲಿ ಹೆಸರಾಗಿದ್ದರು. ಆದರೆ ಮಾಂಸಕ್ಕೆ ಹಿಂದಿನ ರಾತ್ರಿ ಮಸಾಲೆ ಹಚ್ಚಿಟ್ಟವರು, ಜರ್ಮನ್ ವಲಸಿಗರಿಂದ ಬಂದ ಆಲೂಗಡ್ಡೆಯ ಸಲಾಡನ್ನೂ ಡಚ್ಚರಿಂದ ಬಂದ ಎಲೆಕೋಸಿನ ಕೋಸಂಬರಿಯಂಥ ಕೋಲ್‌ಸ್ಲಾವನ್ನೂ ಮಾಡಿಟ್ಟವರು, ಕೊನೆಗೆ ಪಾತ್ರೆ ತೊಳೆದವರು ಹೆಂಗಸರು. ಕೆಲಸವನ್ನು ಹೀಗೆ ಕಣ್ಣಿಗೆ ಬೀಳುವುದು ಮತ್ತು ಬೀಳದ್ದು ಎಂದು ಹಂಚುವ ಕ್ರಮ ಒಡೆಯರ ತೋಟಗಳ ಕಾಲದಿಂದ ಹೆಚ್ಚು ದೂರ ಬಂದಿರಲಿಲ್ಲವೆಂದೇ ಹೇಳಬೇಕು. ಈ ಭಾರವನ್ನು ನಿಜವಾಗಿ ಹಗುರಗೊಳಿಸಿದವು ಎರಡು: ಬಿಸಾಡುವ ಕಾಗದದ ತಟ್ಟೆ, ಮತ್ತು ಪ್ರತಿಯೊಬ್ಬರೂ ಒಂದೊಂದು ಪದಾರ್ಥವನ್ನು ಮಾಡಿ ತರುವ ‘ಪಾಟ್‌ಲಕ್’ ಪದ್ಧತಿ. ಎರಡನೆಯದರಿಂದ ಕರೆದವರು ಮತ್ತು ಬಂದವರು ಎಂಬ ಅಂತರವೇ ತೆಳುವಾಯಿತು.

ಈ ಊಟಕ್ಕೆ ಒಂದು ಪಂಚಾಂಗವೂ ಏರ್ಪಟ್ಟಿತು. ಮೇ ತಿಂಗಳ ಕೊನೆಯ ಸೋಮವಾರ ಬರುವ ಹುತಾತ್ಮ ಯೋಧರ ಸ್ಮರಣೆಯ ದಿನದಿಂದ ಬೇಸಿಗೆಯ ಒಲೆಗಳು ಹೊತ್ತುತ್ತವೆ, ಜುಲೈ 4ರ ಸ್ವಾತಂತ್ರ್ಯ ದಿನದಂದು ಅವುಗಳ ಸಂಖ್ಯೆ ತುದಿ ಮುಟ್ಟುತ್ತದೆ, ಸೆಪ್ಟೆಂಬರಿನ ಮೊದಲ ಸೋಮವಾರದ ಕಾರ್ಮಿಕರ ದಿನದೊಂದಿಗೆ ಹಂಗಾಮು ಮುಗಿಯುತ್ತದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಏರ್ಪಾಟಿನಿಂದ ರಾತ್ರಿ ಎಂಟರವರೆಗೂ ಹಿತ್ತಲಲ್ಲಿ ಬೆಳಕಿರುತ್ತದೆ. ಈ ಏರ್ಪಾಟಿನ ಅವಧಿಯನ್ನು ಹೆಚ್ಚಿಸುವ ಮಸೂದೆ 1980ರ ದಶಕದಲ್ಲಿ ಚರ್ಚೆಗೆ ಬಂದಾಗ ಇದ್ದಿಲು ಮತ್ತು ಗ್ರಿಲ್ ತಯಾರಕರು ಅದರ ಪರವಾಗಿ ಒತ್ತಾಯಿಸಿದರು, ಮತ್ತು 1987ರಲ್ಲಿ ಅದು ಏಪ್ರಿಲ್ ಕೊನೆಯ ಭಾನುವಾರದ ಬದಲು ಮೊದಲ ಭಾನುವಾರದಿಂದಲೇ ಜಾರಿಗೆ ಬಂತು. ಅನಿಲದ ಗ್ರಿಲ್‌ಗಳು 1950ರ ದಶಕದಲ್ಲೇ ತಲೆದೋರಿದ್ದವು. ಶತಮಾನ ಮುಗಿಯುವ ಹೊತ್ತಿಗೆ ಬಹುಪಾಲು ಮನೆಗಳಲ್ಲಿ ಪ್ರೊಪೇನ್ ಸಿಲಿಂಡರ್ ಇದ್ದಿಲಿನ ಜಾಗವನ್ನು ಹಿಡಿದು, ಗುಂಡಿ ತಿರುಗಿಸಿದರೆ ಒಲೆ ಹೊತ್ತುವಂತಾಯಿತು. ಅನುಕೂಲ ಬೆಳೆದಂತೆ ಹೊಗೆಯ ರುಚಿ ತಗ್ಗಿತು.

ಹಿತ್ತಲಿಲ್ಲದವರ ಬಾರ್ಬೆಕ್ಯೂ ಉದ್ಯಾನಗಳಲ್ಲಿ ನಡೆಯಿತು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಕಟ್ಟಿದ ಸರ್ಕಾರಿ ದಳ ದೇಶದ ಅನೇಕ ಉದ್ಯಾನಗಳಲ್ಲಿ ಕಲ್ಲಿನ ಒಲೆ, ಮೇಜು, ಮಂಟಪಗಳನ್ನು ನಿರ್ಮಿಸಿತ್ತು. ಯಾರು ಬೇಕಾದರೂ ಕೆಂಡ ಹಾಕಬಹುದಾದ ಈ ಸಾರ್ವಜನಿಕ ಒಲೆಗಳ ಉಪಕಾರ ದೊಡ್ಡದು. 1965ರ ವಲಸೆ ಕಾನೂನು ಏಷ್ಯದವರಿಗೆ ಬಾಗಿಲು ತೆರೆದ ನಂತರ ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರೂ ಈ ಒಲೆಗಳ ಬಳಕೆದಾರರಾದರು. ಕರ್ನಾಟಕದಲ್ಲಿ ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದಡಿ ನಡೆಯುವ ವನಭೋಜನ ಅಲ್ಲಿನ ಚಳಿಗೆ ಹೊಂದದ್ದರಿಂದ, ಊರೂರಿನ ಕನ್ನಡ ಕೂಟಗಳ ವನಭೋಜನ ಬೇಸಿಗೆಗೆ ಸರಿಯಿತು. ಉದ್ಯಾನದ ಕಬ್ಬಿಣದ ಜಾಲರಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಸಸ್ಯಾಹಾರಿಗಳಿಗೆ ಬೇರೆ ಒಲೆ ಮೀಸಲಿಟ್ಟು, ಸುಟ್ಟ ಮೆಕ್ಕೆಜೋಳದ ತೆನೆಗೆ ಬೆಣ್ಣೆಯ ಬದಲು ನಿಂಬೆಹೋಳಿನಿಂದ ಉಪ್ಪುಖಾರ ಉಜ್ಜುವ ಬಾರ್ಬೆಕ್ಯೂ ಹೀಗೆ ರೂಪುಗೊಂಡಿತು.

ಆದರೆ ಸಾರ್ವಜನಿಕ ನೆಲದ ಮೇಲಿನ ಹಕ್ಕು ಎಲ್ಲರಿಗೂ ಸಮನಾಗಿ ದಕ್ಕಿತೆಂದು ಹೇಳಲಾಗದು. 2018ರ ಏಪ್ರಿಲ್ 29ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರದ ಮೆರಿಟ್ ಸರೋವರದ ದಡದಲ್ಲಿ ಇದ್ದಿಲಿನ ಗ್ರಿಲ್ ಇಟ್ಟುಕೊಂಡು ಅಡುಗೆಗೆ ಅಣಿಯಾಗಿದ್ದ ಕಪ್ಪು ವರ್ಣದ ಗಂಡಸರ ಮೇಲೆ, ಆ ಜಾಗದಲ್ಲಿ ಇದ್ದಿಲು ಬಳಸುವಂತಿಲ್ಲವೆಂದು ಬಿಳಿಯ ಮಹಿಳೆಯೊಬ್ಬರು ಪೊಲೀಸರಿಗೆ ದೂರಿತ್ತರು. ಪೊಲೀಸರು ಬಂದರು, ಯಾರನ್ನೂ ಬಂಧಿಸದೆ ಹೋದರು. ಆ ಘಟನೆಯ ಚಿತ್ರಣ ದೇಶವೆಲ್ಲ ಹರಡಿದ ಮೇಲೆ, ಮೂರು ವಾರ ಕಳೆದು ಮೇ 20ರಂದು, ಓಕ್‌ಲ್ಯಾಂಡಿನ ಕಪ್ಪು ಸಮುದಾಯದವರು ಕುಟುಂಬ ಸಮೇತರಾಗಿ, ಗ್ರಿಲ್‌ಗಳನ್ನೂ ಇದ್ದಿಲಿನ ಚೀಲಗಳನ್ನೂ ಹೊತ್ತುಕೊಂಡು ಅದೇ ಸರೋವರದ ದಡಕ್ಕೆ ಬಂದು ಒಲೆಗಳನ್ನು ಹೊತ್ತಿಸಿದರು. ಯಾರಿಗೂ ಆಮಂತ್ರಣ ಪತ್ರವಿರಲಿಲ್ಲ, ಬಂದವರಿಗೆಲ್ಲ ಊಟವಿತ್ತು.